ಶೆಟವಿ ಬರೆಯುವ ಹಣೆ

ಕೂಸು ಹುಟ್ಟಿದ ಐದನೆಯ ರಾತ್ರಿ ಶೆಟವಿ ತಾಯಿ ಬಂದು ಹಣೆಬರಹ ಬರೆದು ಹೋಗುತ್ತಾಳೆ ಅಂತ ನಮ್ಮ ಔರಾದ ಕಡೆ ಹಿರಿಯರ ನಂಬಿಕೆ. ಬಾಣಂತಿಯ ಹತ್ತಿರ ದೀಪ ಆರದಂತೆ ನನ್ನ ತಾಯಿಯೂ ಕಾದವಳೇ. ದನದ ಡಾಕ್ಟರಾಗಿ ಔರಾದ, ಭಾಲ್ಕಿ ಹಳ್ಳಿಗಳಲ್ಲಿ ನೌಕರಿ ಮುಗಿಸಿದ ನನಗೆ ಆ ದೀಪದ ಬಗ್ಗೆ ಗೌರವವಿದೆ. ಆದರೆ ಬರಹ ಒಂದೇ ರಾತ್ರಿಗೆ ಮುಗಿಯುತ್ತದೆ ಅನ್ನುವುದನ್ನು ಮಾತ್ರ ಒಪ್ಪಲಾರೆ.

ನಮ್ಮ ದೇವಣಿ ತಳಿಯ ಆಕಳು ಗಬ್ಬ ಹೊರುವುದು ಒಂಬತ್ತು ತಿಂಗಳ ಮೇಲೆ ಕೆಲವು ದಿನ. ಹೆಣ್ಣುಮಕ್ಕಳೂ ಹೆಚ್ಚುಕಡಿಮೆ ಅಷ್ಟೇ. ಆದರೆ ಕರು ಹುಟ್ಟಿದ ತಾಸೊಪ್ಪತ್ತಿನಲ್ಲಿ ಎದ್ದು ಕೆಚ್ಚಲು ಹುಡುಕುತ್ತದೆ. ನಮ್ಮ ಕೂಸಿಗೆ ಕತ್ತು ನಿಲ್ಲಲಿಕ್ಕೇ ಮೂರು ತಿಂಗಳು ಬೇಕು. ಹಾಗಂತ ಅದು ಸಣ್ಣ ಮೆದುಳು ಹೊತ್ತು ಬಂದದ್ದಲ್ಲ. ಹುಟ್ಟುವಾಗಲೇ ಅದರ ಮೆದುಳು ಸುಮಾರು 370 ಗ್ರಾಂ, ಬೆಳೆದ ಚಿಂಪಾಂಜಿಯ ಮೆದುಳಿಗೆ ಹತ್ತಿರ ಹತ್ತಿರ. ಮುಂದೆ ಅದು 1,300 ಗ್ರಾಂ ಮುಟ್ಟಬೇಕು. ಅಂದರೆ ಹುಟ್ಟುವಾಗ ಮೂರನೇ ಒಂದು ಪಾಲೂ ಆಗಿರುವುದಿಲ್ಲ. ಚಿಂಪಾಂಜಿ ಮರಿ ಐದರಲ್ಲಿ ಸುಮಾರು ಎರಡು ಪಾಲು ಬೆಳೆಸಿಕೊಂಡೇ ಬಂದಿರುತ್ತದೆ.

ಯಾಕೆ ಹೀಗೆ? ಚಿಂಪಾಂಜಿ ಮರಿಯಷ್ಟು ಬಲಿತು ಹುಟ್ಟಬೇಕಾದರೆ ಮನುಷ್ಯನ ಕೂಸು ಸುಮಾರು 21 ತಿಂಗಳು ಬಸಿರಲ್ಲಿ ಇರಬೇಕಾಗುತ್ತಿತ್ತು ಅಂದವರು ಸ್ವಿಟ್ಜರ್‌ಲ್ಯಾಂಡಿನ ಜೀವವಿಜ್ಞಾನಿ ಅಡಾಲ್ಫ್ ಪೋರ್ಟ್‌ಮನ್. ತಾಯಿಯ ಸೊಂಟದ ಎಲುಬಿನ ದಾರಿ ಇಕ್ಕಟ್ಟು, ಅದಕ್ಕೇ ಬೇಗ ಹೊರಬರುತ್ತದೆ ಎಂಬ ಮಾತು ಬಹಳ ಕಾಲ ನಡೆಯಿತು. ಸಸ್ತನಿಗಳಲ್ಲಿ ಮರಿಯ ಮೆದುಳು ಎಷ್ಟು ಬೆಳೆಯಬೇಕೆಂಬುದು ತಾಯಿ ಉಣಿಸಬಲ್ಲ ಶಕ್ತಿಯ ಮೇಲೆ ನಿಂತಿದೆ ಎಂದು 1981ರಲ್ಲಿ ರಾಬರ್ಟ್ ಮಾರ್ಟಿನ್ ವಾದಿಸಿದರು. 2012ರಲ್ಲಿ ಹಾಲಿ ಡನ್ಸ್‌ವರ್ತ್ ಮತ್ತು ಸಂಗಡಿಗರು ಮನುಷ್ಯರ ಹೆರಿಗೆಗೂ ಇದೇ ಕಾರಣ ಹೇಳಿದರು: ದಿನ ತುಂಬುವ ಹೊತ್ತಿಗೆ ತಾಯಿಯ ದೇಹ ಸುಮ್ಮನಿದ್ದಾಗ ಖರ್ಚಾಗುವುದರ ಎರಡು ಪಟ್ಟು ಶಕ್ತಿ ಸುಡುತ್ತಿರುತ್ತದೆ, ಅದರಾಚೆ ತಾಳುವುದಿಲ್ಲ. ಕೊಟ್ಟಿಗೆಯಲ್ಲಿ ಸೊರಗಿದ ತಾಯಂದಿರನ್ನು ಕಂಡ ನನಗೆ ಈ ಮಾತೇ ಹೆಚ್ಚು ಸರಿ ಅನಿಸುತ್ತದೆ.

ಹಾಗಾದರೆ ಉಳಿದ, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿನ ಮೆದುಳು ಬೆಳೆಯುವುದು ಎಲ್ಲಿ? ತೊಡೆಯ ಮೇಲೆ, ಜೋಗುಳದಲ್ಲಿ, ಅಂಗಳದ ಮಾತಿನಲ್ಲಿ. ಮೊದಲ ವರ್ಷದಲ್ಲೇ ಅದು ಎರಡು ಪಟ್ಟಾಗುತ್ತದೆ. ಹುಟ್ಟೇ ಮನುಷ್ಯನ ಯೋಗ್ಯತೆ ಹೇಳುತ್ತದೆ ಅನ್ನುವವರು ಈ ಅಪೂರ್ಣ ಹುಟ್ಟನ್ನು ನೋಡಬೇಕು. ನಮ್ಮದೇ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಜನನಸೂತಕ, ಜಾತಿಸೂತಕ ಎರಡನ್ನೂ ತಳ್ಳಿಹಾಕಿದರು. ಮೆದುಳಿನ ತೂಕ ಅವರಿಗೆ ಗೊತ್ತಿರಲಿಲ್ಲ, ಮನುಷ್ಯನ ತೂಕ ಗೊತ್ತಿತ್ತು. ಭಾಲ್ಕಿಯ ಹಿರೇಮಠ ಸಂಸ್ಥಾನ ಅನಾಥ ಮಕ್ಕಳನ್ನು ಸಾಕಿ ಓದಿಸುವುದು ನನ್ನ ಕಣ್ಣಿಗೆ ಅದೇ ಧರ್ಮ.

ಶೆಟವಿಗೆ ದೀಪ ಹಚ್ಚಿರಿ, ಬೇಡ ಅನ್ನುವುದಿಲ್ಲ. ಆರನೆಯ ದಿನದಿಂದ ಬಾಣಂತಿಗೆ ಹೊಟ್ಟೆತುಂಬ ಊಟ, ಕಣ್ತುಂಬ ನಿದ್ದೆ ಕೊಡಿರಿ. ಕೂಸು ಹೆಣ್ಣಾದರೂ ಗಂಡಾದರೂ ಎತ್ತಿಕೊಂಡು ಮಾತಾಡಿಸಿರಿ, ಅಪ್ಪಂದಿರೂ, ಅಜ್ಜಂದಿರೂ.