ಕಡಲು ಯಾರದು?

‘ಕಡಲಿಗೆ ಬೇಲಿ ಇಲ್ಲ, ಯಾರು ಬೇಕಾದರೂ ಮೀನು ಹಿಡೀಬಹುದು’ ಅಂತಾರೆ. ಕೇಳಲಿಕ್ಕೆ ಎಷ್ಟು ಚಂದ! ಆದರೆ ಗೆಳೆಯರೆ, ಈ ಮಾತನ್ನು ಯಾರು ಆಡ್ತಾರೆ, ಎಲ್ಲಿ ನಿಂತು ಆಡ್ತಾರೆ ಅನ್ನೋದನ್ನು ಮೊದಲು ನೋಡಬೇಕು.

ನಮ್ಮ ಕರಾವಳಿಯ ರಂಪಣಿಯನ್ನೇ ತಗೊಳ್ಳಿ. ಒಬ್ಬನಿಂದ ಆಗುವ ಬಲೆಯಲ್ಲ ಅದು. ಹಲವು ಮನೆಗಳಿಂದ ಬಂದ ಬಲೆಯ ತುಂಡುಗಳನ್ನು ಜೋಡಿಸಿ, ದೋಣಿಯಲ್ಲಿ ಒಯ್ದು, ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ ಅರ್ಧಚಂದ್ರದ ಹಾಗೆ ಬಿಡುತ್ತಿದ್ದರು. ಆಮೇಲೆ ಎರಡೂ ಕಡೆಯ ಹಗ್ಗ ಹಿಡಿದು ಹತ್ತಾರು ಜನ ಮರಳಲ್ಲಿ ಕಾಲೂರಿ ಎಳೀಬೇಕು. ಬಂಗುಡೆ, ಬೈಗೆ ದಡಕ್ಕೆ ಬಂದರೆ ಉಂಟು, ಬರದಿದ್ದರೆ ಇಲ್ಲ. ಮೀನನ್ನು ಅಟ್ಟಿಸಿಕೊಂಡು ಹೋಗುವ ಶಕ್ತಿ ಆ ಬಲೆಗಿರಲಿಲ್ಲ.

1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದವು. ದಡಕ್ಕೆ ಬರುವ ಹಿಂಡನ್ನು ಎಂಜಿನ್ನು ನಡುದಾರಿಯಲ್ಲೇ ಸುತ್ತುಗಟ್ಟಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಕಡಲು ಆಗಲೂ ‘ಎಲ್ಲರದೂ’ ಆಗಿಯೇ ಇತ್ತು! ಹಾಗಾದರೆ ಇದು ಅನ್ಯಾಯವೋ, ಬರೀ ಕಾಲದ ಬದಲಾವಣೆಯೋ?

ಮಹಾಡದ ಚೌಡಾರ್ ಕೆರೆ ನೆನೆಯಿರಿ. ಅದು ಅಸ್ಪೃಶ್ಯರಿಗೂ ತೆರೆದಿದೆ ಅಂತ ಪುರಸಭೆ 1924ರಲ್ಲೇ ನಿರ್ಣಯ ಮಾಡಿತ್ತು. ಕಾಗದದ ಮೇಲೆ ಕೆರೆ ಎಲ್ಲರದು, ಬೊಗಸೆಗೆ ಮಾತ್ರ ನೀರಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರೊಂದಿಗೆ ನಡೆದುಹೋಗಿ ಆ ನೀರು ಮುಟ್ಟಬೇಕಾಯಿತು. ಅಲ್ಲಿ ಜಾತಿ ಕೈಯನ್ನು ತಡೆಯಿತು. ಇಲ್ಲಿ ಬಂಡವಾಳ ಕೈಯನ್ನೇ ಕೆಲಸಕ್ಕೆ ಬಾರದ್ದು ಮಾಡಿತು. ಎರಡೂ ಒಂದೇ ಅಲ್ಲ. ಆದರೆ ಕಲಿಸುವ ಪಾಠ ಒಂದೇ: ಬಾಗಿಲು ತೆರೆದಿದೆ ಅನ್ನೋದು ಬೇರೆ, ಒಳಗೆ ಪಾಲಿದೆ ಅನ್ನೋದು ಬೇರೆ. ಎಂಜಿನ್ನಿಗೂ ತೋಳಿಗೂ ಸಮಾನ ಸ್ವಾತಂತ್ರ್ಯ ಕೊಟ್ಟರೆ ಗೆಲ್ಲುವುದು ಎಂಜಿನ್ನೇ.

ಹಾಗಂತ ಹಳೆಯ ಬಲೆಗೆ ಆರತಿ ಎತ್ತಬೇಕಾಗಿಲ್ಲ. ಬಲೆ ತಂದವನಿಗೂ ಬರೀ ತೋಳು ತಂದವನಿಗೂ ಅಲ್ಲಿ ಪಾಲು ಸಮ ಇತ್ತೆ? ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದ ಹೆಂಗಸರ ಹೆಸರು ಪಾಲಿನ ಲೆಕ್ಕದಲ್ಲಿತ್ತೆ? ‘ಸಂಪ್ರದಾಯ’ ಅಂದ ಕೂಡಲೇ ಕೈಮುಗಿಯೋದು ನಮಗೆ ಸಲ್ಲದು. ನಮ್ಮನ್ನು ಊರ ಹೊರಗಿಟ್ಟದ್ದೂ ಸಂಪ್ರದಾಯವೇ! ರಂಪಣಿಯಿಂದ ನಾವು ಎತ್ತಿಕೊಳ್ಳಬೇಕಾದ್ದು ಒಂದೇ: ಹತ್ತಾರು ಕೈಯಿಲ್ಲದೆ ಬಲೆ ಮೇಲೇಳದು, ಆದ್ದರಿಂದ ಆ ಕೈಗಳನ್ನು ಬಿಟ್ಟು ಮೀನು ಹಂಚಲಿಕ್ಕೂ ಆಗದು.

ಸಮುದಾಯದ ಸಂಪತ್ತು ಎಲ್ಲರ ಹಿತಕ್ಕೆ ಹಂಚಿಕೆಯಾಗಬೇಕು ಅಂತ ಸಂವಿಧಾನದ 39ನೇ ವಿಧಿ ಹೇಳುತ್ತದೆ. ಕರ್ನಾಟಕದಲ್ಲಿ 1986ರಿಂದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ದೀಪ ಹಾಕಿ ಮೀನು ಹಿಡಿಯೋದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಇಷ್ಟೆಲ್ಲ ಇದ್ದೂ ‘ಕಡಲು ಎಲ್ಲರದು’ ಅನ್ನುವವರನ್ನು ನಾವು ಕೇಳಬೇಕು: ಹಾಗಾದರೆ ದಡದಲ್ಲಿ ಈ ಬುಟ್ಟಿಗಳು ಖಾಲಿ ಯಾಕೆ?