ಮೊಹರು ಕಾಳಿಗೋ, ಕೈಗೋ?

ಮಣಿಪಾಲದ ಅಂಗಡಿಯಿಂದ ಒಂದು ಪೊಟ್ಟಣ ಗೋಡಂಬಿ ತಂದಿದ್ದೆ. ಉಪ್ಪು ಹಾಕಿ ಹುರಿದದ್ದು. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕಾರ್ಕಳದ ಕಡೆ ಗೇರುಬೀಜದ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಬೀಜ ಒಡೆದವಳು ಅವಳು. ಸಿಪ್ಪೆಯ ಎಣ್ಣೆ ಸುಟ್ಟ ಅಂಗೈಯ ಕಪ್ಪು ಇನ್ನೂ ಹೋಗಿಲ್ಲ. ಪೊಟ್ಟಣದ ಮೂಲೆ ತೋರಿಸಿ ಕೇಳಿದಳು: "ಎಂತ ಮಗಾ ಇದು, ಸೊನ್ನೆಯೊಳಗೆ ಒಂದು ಅಕ್ಷರ?"

"ಅದು ಯೆಹೂದಿಗಳ ಮೊಹರಮ್ಮ. ಇದನ್ನು ತಿಂದರೆ ಅವರ ಧರ್ಮಕ್ಕೆ ಅಡ್ಡಿಯಿಲ್ಲ ಅಂತ ಅರ್ಥ. ಕೋಷರ್ ಅಂತ ಹೇಳ್ತಾರೆ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಹಾಗಾದ್ರೆ ನಾವು ಮುಟ್ಟಿದ್ದು ಅವರಿಗೆ ಆಗ್ತದಾ?"

ಎಲ್ಲೋ ದೂರದ ಜನರ ಊಟದ ನಿಯಮ ಕೇಳಿದರೂ ನಮ್ಮವರ ಬಾಯಲ್ಲಿ ಮೊದಲು ಬರುವುದು ಈ ಪ್ರಶ್ನೆಯೇ. ಗೆಳೆಯರೇ, ಅದಕ್ಕೆ ಉತ್ತರ ಹುಡುಕಿದ ಬರಹ ಇದು.

ಯೆಹೂದಿಗಳ ನಿಯಮದಲ್ಲಿ ಪ್ರಾಣಿಯ ಗೊರಸು ಸೀಳಿರಬೇಕು, ಅದು ಮೆಲುಕು ಹಾಕಬೇಕು. ದನ, ಆಡು, ಕುರಿ ಆಗುತ್ತದೆ, ಹಂದಿ ಆಗುವುದಿಲ್ಲ. ಮೀನಿಗೆ ರೆಕ್ಕೆಯೂ ಇರಬೇಕು, ಹುರುಪೆಯೂ ಇರಬೇಕು. ನಮ್ಮ ಕಾಪು ಕಡಲಿನ ಬೂತಾಯಿ, ಬಂಗುಡೆ ಅವರಿಗೆ ನಡೆಯುತ್ತದೆ. ಸಿಗಡಿ, ಏಡಿ, ಮರುವಾಯಿ ನಡೆಯುವುದಿಲ್ಲ. ಮಾಂಸವನ್ನೂ ಹಾಲನ್ನೂ ಕೂಡಿಸಿ ತಿನ್ನುವಂತಿಲ್ಲ.

ಹಾಗಂತ ಎಲ್ಲಕ್ಕೂ ಮೊಹರು ಬೇಕಿಲ್ಲ. ಹಸಿ ಹಣ್ಣು, ತರಕಾರಿ, ಇಡೀ ತೆಂಗಿನಕಾಯಿ, ಒಣ ಅಕ್ಕಿ, ಬೇಳೆ, ಮೊಟ್ಟೆ, ಉಪ್ಪು, ಸಕ್ಕರೆ, ನೀರು ಇವಕ್ಕೆಲ್ಲ ಬೇಡ. ಸೊಪ್ಪಿನಲ್ಲಿ ಹುಳವಿಲ್ಲ, ಮೊಟ್ಟೆಯಲ್ಲಿ ರಕ್ತದ ಚುಕ್ಕೆಯಿಲ್ಲ ಎಂದು ನೋಡಿಕೊಂಡರೆ ಸಾಕು. ಹಸಿ ಗೋಡಂಬಿಗೂ ಬೇಡ. ಅದನ್ನೇ ಎಣ್ಣೆಯಲ್ಲಿ ಹುರಿದರೆ ಬೇಕು. ಆ ಎಣ್ಣೆ ಯಾವುದರದ್ದು, ಅದೇ ಬಾಣಲೆಯಲ್ಲಿ ಮೊದಲು ಏನು ಹುರಿದಿದ್ದರು ಎಂಬುದು ಅಲ್ಲಿಯ ಪ್ರಶ್ನೆ. ಬ್ರೆಡ್ಡು, ಬಿಸ್ಕತ್ತು, ಡಬ್ಬಿ ಆಹಾರಕ್ಕೂ ಹಾಗೆಯೇ. ಚೀಸಿಗೆ ಬೇಕು, ಯಾಕೆಂದರೆ ಹಾಲು ಒಡೆಯಲು ಕರುವಿನ ಹೊಟ್ಟೆಯ ಪದಾರ್ಥ ಹಾಕುವುದುಂಟು. ಪರೀಕ್ಷೆ ಮಾಡುವವನು ಕಾರ್ಖಾನೆಗೆ ಬಂದು ಸಾಮಾನಿನ ಪಟ್ಟಿ ನೋಡುತ್ತಾನೆ, ಎಣ್ಣೆ ನೋಡುತ್ತಾನೆ, ಪಾತ್ರೆ ನೋಡುತ್ತಾನೆ. ಬೀಜ ಒಡೆದವಳ ಜಾತಿ ಅವನ ಪಟ್ಟಿಯಲ್ಲಿಲ್ಲ.

ಅಮ್ಮನಿಗೆ ಹೇಳಿದೆ: "ಆಗ್ತದಮ್ಮ."

ಆದರೆ ಪೂರ್ತಿ ಸತ್ಯ ಹೇಳಬೇಕು. ಅಲ್ಲಿಯೂ ಕೈಯ ಪ್ರಶ್ನೆ ಬಾರದೆ ಇಲ್ಲ. ದ್ರಾಕ್ಷಿ ಮದ್ಯವನ್ನು ಯೆಹೂದಿಯಲ್ಲದವನು ಮುಟ್ಟಿದರೆ ಅದು ಕೆಟ್ಟಿತು ಎನ್ನುವ ನಿಯಮವಿದೆ. ಕುದಿಸಿದ ಮದ್ಯಕ್ಕೆ ಮಾತ್ರ ವಿನಾಯಿತಿ. ಬೇರೆಯವರು ಬೇಯಿಸಿದ ಕೆಲವು ಅಡುಗೆಗೂ ತಡೆಯಿದೆ. ಯೆಹೂದಿಯೊಬ್ಬ ಒಲೆ ಹಚ್ಚಿದ್ದರೆ ಸಾಕು ಎನ್ನುವ ಪಂಡಿತರೂ ಇದ್ದಾರೆ. ಇದನ್ನು ಓದುವಾಗ ನನಗೆ ನಮ್ಮ ಊರು ನೆನಪಾಯಿತು. ನಮ್ಮಲ್ಲೂ ಹಸಿಯದಕ್ಕೆ ಮೈಲಿಗೆಯಿಲ್ಲ, ಬೇಯಿಸಿದ್ದಕ್ಕೆ ಉಂಟು. ನಾವು ನೆಟ್ಟ ಭತ್ತ, ನಾವು ಕಿತ್ತ ತೆಂಗಿನಕಾಯಿ ದೇವರ ಕೋಣೆಯವರೆಗೂ ಹೋಗುತ್ತದೆ. ಕೊರಗರ ಮುದುಕಿ ಹೆಣೆದ ಬುಟ್ಟಿಯಲ್ಲಿ ಅಕ್ಕಿ ಒಳಗೆ ಹೋಗುತ್ತದೆ, ಅವಳು ಹೊರಗೆ ಗೆರಟೆಯಲ್ಲಿ ಕಾಫಿ ಕುಡಿಯುತ್ತಾಳೆ. ಅವಳ ಬುಟ್ಟಿ ಶುದ್ಧ, ಅವಳು ಅಶುದ್ಧ. ಇದು ಯಾವ ಶಾಸ್ತ್ರದ ತರ್ಕ ಸ್ವಾಮಿ?

ನಮ್ಮಲ್ಲಿ ಮೊಹರು ಇರಲಿಲ್ಲ ಎನ್ನಬೇಡಿ. ಹೋಟೆಲಿನ ಬಾಗಿಲಲ್ಲಿ ತೂಗುತ್ತಿದ್ದ 'ಬ್ರಾಹ್ಮಣರ' ಎಂಬ ಬೋರ್ಡೇ ಮೊಹರು. ಆ ಮಾತನ್ನು ಅಳಿಸಲು 1957ರಲ್ಲಿ ಪೆರಿಯಾರ್ ಮದರಾಸಿನಲ್ಲಿ ಚಳವಳಿಯನ್ನೇ ಹೂಡಬೇಕಾಯಿತು. ಕಾರ್ಖಾನೆಯವನು ಎಣ್ಣೆ ಬದಲಿಸಿ, ಪಾತ್ರೆ ಕುದಿಸಿ ಕೋಷರ್ ಮೊಹರು ಪಡೆಯಬಹುದು. ನನ್ನ ಅಮ್ಮ ಯಾವ ನೀರಲ್ಲಿ ಕುದಿಸಿ ಕೈ ಬದಲಿಸಿಕೊಳ್ಳಬೇಕು? ಹುಟ್ಟಿನ ಮೇಲೆ ಒತ್ತಿದ ಮೊಹರಿಗೆ ಪರೀಕ್ಷೆಯೂ ಇಲ್ಲ, ಮೇಲ್ಮನವಿಯೂ ಇಲ್ಲ.

ಹಾಗಾದರೆ ಒಬ್ಬನಿಗೆ ತನ್ನ ಊಟಕ್ಕೆ ನಿಯಮ ಹಾಕಿಕೊಳ್ಳುವ ಹಕ್ಕಿಲ್ಲವೇ? ಖಂಡಿತ ಇದೆ. ಚಾತುರ್ಮಾಸ್ಯದಲ್ಲಿ ಉಡುಪಿಯ ಯತಿಗಳು ಒಂದು ತಿಂಗಳು ತರಕಾರಿ ಬಿಡುತ್ತಾರೆ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಒಂದು ತಿಂಗಳು ಬೇಳೆ. ಬಿಡಲಿ. ನನ್ನ ತಕರಾರೇನೂ ಇಲ್ಲ. ಯೆಹೂದಿ ಏಡಿ ಬಿಡಲಿ, ಮುಸಲ್ಮಾನ ಹಂದಿ ಬಿಡಲಿ, ಜೈನ ಈರುಳ್ಳಿ ಬಿಡಲಿ. 2016ರ ಅಕ್ಟೋಬರ್ 9ರಂದು ಬೆಂಗಳೂರಿನಿಂದ ಉಡುಪಿಗೆ ಬಂದು ತಲುಪಿದ 'ಚಲೋ ಉಡುಪಿ' ಜಾಥಾ ಕೂಗಿದ್ದೂ ಅದನ್ನೇ: ಆಹಾರ ನಮ್ಮ ಆಯ್ಕೆ, ಭೂಮಿ ನಮ್ಮ ಹಕ್ಕು. ನನ್ನ ಆಯ್ಕೆ ನನಗೆ ಎನ್ನುವವನು ಅವನ ಆಯ್ಕೆ ಅವನಿಗೆ ಎನ್ನಲೇಬೇಕು.

ನಿಯಮ ನನ್ನ ಎಲೆ ದಾಟಿ ನಿನ್ನ ಮೈಮೇಲೆ ಬಂದಾಗ ಅದು ಧರ್ಮವಾಗಿ ಉಳಿಯುವುದಿಲ್ಲ. ಅಜಲು ಪದ್ಧತಿಯನ್ನು ನೆನೆಯಿರಿ. ಯಾರದೋ ಕಂಟಕ ಕಳೆಯಲಿ ಎಂದು ಅನ್ನದಲ್ಲಿ ಕೂದಲು, ಉಗುರು ಕಲಸಿ ಕೊರಗರಿಗೆ ತಿನ್ನಿಸುತ್ತಿದ್ದರು. ಅದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಅಸ್ಪೃಶ್ಯತೆ ರದ್ದು ಎಂದು ಸಂವಿಧಾನದ 17ನೇ ವಿಧಿ ಸಾರಿ ಐವತ್ತು ವರ್ಷ ಕಳೆದ ಮೇಲೆ! ಉಂಡ ಎಲೆಯ ಮೇಲೆ ಉರುಳುವ ಮಡೆಸ್ನಾನದ ವಿರುದ್ಧ ಎಷ್ಟು ವರ್ಷ ಕೂಗಿದ್ದೇವೆ. ಅದರ ಬದಲಿಗೆ ಬಂದ ಎಡೆಸ್ನಾನವೂ ಉಡುಪಿ ಕೃಷ್ಣಮಠದಲ್ಲಿ ನಿಂತದ್ದು 2018ರ ಡಿಸೆಂಬರಿನಲ್ಲಿ. ಒಬ್ಬನ ಮಡಿ ಉಳಿಯಲು ಇನ್ನೊಬ್ಬ ಎಂಜಲು ತಿನ್ನಬೇಕು, ಪಂಕ್ತಿಯಿಂದ ಏಳಬೇಕು ಎಂದಾದರೆ ಆ ಮಡಿ ನಿಂತಿರುವುದು ಅವಮಾನದ ಮೇಲೆ.

ನನಗೆ ಸಿಕ್ಕ ಅಳತೆಗೋಲು ಇಷ್ಟೇ. ಯಾವ ನಿಯಮವನ್ನೂ ಒಂದು ಮಾತು ಕೇಳಿ: ನೀನು ಕಟ್ಟಿಹಾಕುವುದು ನಿನ್ನ ನಾಲಿಗೆಯನ್ನೋ, ನನ್ನ ಕೈಯನ್ನೋ? ಇದನ್ನು ಯೆಹೂದಿಯ ಮದ್ಯದ ನಿಯಮಕ್ಕೂ ಕೇಳಬೇಕು, ನಮ್ಮೊಳಗೇ ಇರುವ ಮೇಲು-ಕೀಳಿಗೂ ಕೇಳಬೇಕು. ನಮ್ಮ ಕೇರಿಯಲ್ಲೇ ಇನ್ನೊಂದು ಕೇರಿಯವರ ಮನೆಯಲ್ಲಿ ನೀರು ಕುಡಿಯದವರಿದ್ದಾರೆ. ನನ್ನ ಅಜ್ಜಿಯೂ ಕುಡಿಯುತ್ತಿರಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಬಿಸಿಯೂಟ ಬೇಯಿಸಿದವಳು ದಲಿತಳೆಂದು ಮಕ್ಕಳನ್ನು ಊಟ ಬಿಡಿಸಿದ ಸುದ್ದಿ ಈ ರಾಜ್ಯದಲ್ಲಿ ಓದಿದ್ದೀರಿ. ಅಂಥ ದಿನ ಭಾಷಣ ಬೇಡ. ಮಕ್ಕಳ ಸಾಲಿನಲ್ಲಿ ಕೂತು ಮೊದಲ ತುತ್ತು ನೀವು ಉಣ್ಣಿ.

ನೀರಿಗೆ ಮೊಹರು ಬೇಡ ಎನ್ನುತ್ತದೆ ಯೆಹೂದಿ ನಿಯಮ. ನಮ್ಮ ದೇಶದಲ್ಲಿ ಆ ನೀರನ್ನು ಒಂದು ಬೊಗಸೆ ಕುಡಿಯಲು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಮಹಾಡದ ಕೆರೆಗೆ ನಡೆಯಬೇಕಾಯಿತು. ಅದು 1927.

ಅಮ್ಮ ಪೊಟ್ಟಣ ಒಡೆದಳು. ನಾಲ್ಕು ಬೀಜ ನನ್ನ ಕೈಗೆ ಹಾಕಿದಳು. ಒಂದನ್ನು ಬೆಳಕಿಗೆ ಹಿಡಿದು, "ಇದು ಒಡೆಯದೆ ಇಡಿಯಾಗಿ ಬಂದಿದೆ, ಒಳ್ಳೆ ಕೈಯವಳು" ಎಂದಳು. ಅವಳಿಗೆ ಕಂಡ ಮೊಹರು ಅದು.