ಆತುರಗಾರನಿಗೆ ಬುದ್ಧಿ ಮಟ್ಟ: ದೂರದ ದಾರಿಗೆ ಸಲ್ಲುವ ಗಾದೆ

‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಕೆಲಸ ಕೆಟ್ಟ ಮೇಲೆ ಆಡುತ್ತೇವೆ. ಹಾಲು ಉಕ್ಕಿ ಚೆಲ್ಲಿದ ಮೇಲೆ, ತಪ್ಪು ಬಸ್ಸು ಹತ್ತಿದ ಮೇಲೆ, ಸಹಿ ಹಾಕಿದ ಕಾಗದವನ್ನು ಆಮೇಲೆ ಓದಿದ ಮೇಲೆ. ಅದಕ್ಕೇ ಅದು ಬೈಗುಳದಂತೆ ಕೇಳಿಸುತ್ತದೆ. ಕೆಲಸ ಶುರುವಾಗುವ ಮೊದಲೇ ಹೇಳಿಕೊಂಡರೆ ಅದೇ ಮಾತು ಒಳ್ಳೆಯ ಸಲಹೆ. ಆತುರ ಹುಟ್ಟಿದ ಗಳಿಗೆಯಲ್ಲಿ ಎಂಥ ಜಾಣನ ಬುದ್ಧಿಯೂ ತಗ್ಗುತ್ತದೆ ಎಂದು ಗಾದೆ ಎಚ್ಚರಿಸುತ್ತದೆ. ಮೊದಲು ಆತುರ ಬರುತ್ತದೆ, ಅದರ ಬೆನ್ನಿಗೇ ಬುದ್ಧಿ ಇಳಿಯುತ್ತದೆ. ಈ ಕ್ರಮವನ್ನು ಒಪ್ಪಿದರೆ ಮಾಡಬೇಕಾದದ್ದು ಸ್ಪಷ್ಟ: ಬುದ್ಧಿ ಬೇಕಾದ ತೀರ್ಮಾನಗಳನ್ನೆಲ್ಲ ಆತುರ ಹುಟ್ಟುವುದಕ್ಕೆ ಮುಂಚೆಯೇ ಮುಗಿಸಿಡಬೇಕು. ಕಾರಿನಲ್ಲಿ ನಾನೂರು ಐನೂರು ಕಿಲೋಮೀಟರ್ ಹೊರಟವರಿಗೆ ಇದಕ್ಕಿಂತ ಉಪಯೋಗದ ಮಾತು ಬೇರೆ ಇಲ್ಲವೆಂದೇ ನನ್ನ ನಂಬಿಕೆ.

ಆತುರ ನಮಗೆ ಏನು ಗಳಿಸಿಕೊಡುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕೋಣ. ನೂರು ಕಿಲೋಮೀಟರನ್ನು ಗಂಟೆಗೆ 60ರ ವೇಗದಲ್ಲಿ ಹೋದರೆ 100 ನಿಮಿಷ ಬೇಕು. 80ಕ್ಕೆ ಏರಿಸಿದರೆ 75 ನಿಮಿಷ, ಅಂದರೆ 25 ನಿಮಿಷ ಉಳಿಯಿತು. 80ರಿಂದ 100ಕ್ಕೆ ಏರಿಸಿದರೆ ಉಳಿಯುವುದು 15 ನಿಮಿಷ. 100ರಿಂದ 120ಕ್ಕೆ ಹೋದರೆ ಬರೀ 10. ವೇಗ ಹೆಚ್ಚಿದಷ್ಟೂ ಉಳಿತಾಯ ಸಣ್ಣದಾಗುತ್ತದೆ, ತೆರುವ ಬೆಲೆ ಮಾತ್ರ ದೊಡ್ಡದಾಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 80ರಲ್ಲಿದ್ದ ತಡೆ 120ರಲ್ಲಿ ಎರಡೂಕಾಲು ಪಟ್ಟಾಗುತ್ತದೆ. ಅಷ್ಟು ಪೆಟ್ರೋಲು ಗಾಳಿಯನ್ನು ಸೀಳುವುದಕ್ಕೇ ಖರ್ಚು. ಬ್ರೇಕ್ ಒತ್ತಿದ ಮೇಲೆ ಕಾರು ಪೂರ್ತಿ ನಿಲ್ಲಲು ಬೇಕಾದ ದೂರವೂ ಅದೇ ಎರಡೂಕಾಲು ಪಟ್ಟು. ನಾಲ್ಕು ಪಥದ, ನಡುವೆ ವಿಭಜಕವಿರುವ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದ ಗರಿಷ್ಠ ವೇಗ 100. ಅದನ್ನು ಮೀರಿ ಗಳಿಸುವ ಹತ್ತು ನಿಮಿಷವನ್ನು ಟೋಲಿನಲ್ಲೋ ಮುಂದಿನ ಊರಿನ ಹಂಪುಗಳಲ್ಲೋ ಕಳೆದುಕೊಳ್ಳುವುದು ದಿನವೂ ಕಾಣುವ ಸಂಗತಿ. ಹಿಂದಿನಿಂದ ಲೈಟು ಮಿನುಗಿಸುತ್ತ ಬಂದು ಎಡದಿಂದ ನುಗ್ಗಿ ಹೋದ ಕಾರು ಮುಂದಿನ ಟೋಲಿನ ಸಾಲಿನಲ್ಲಿ ನಮ್ಮ ಪಕ್ಕದಲ್ಲೇ ನಿಂತಿರುತ್ತದೆ.

ಹಾಗಾದರೆ ಬೇಗ ಊರು ಸೇರಬೇಕೆಂಬ ಆಸೆಯೇ ತಪ್ಪೇ ಎಂದು ಯಾರಾದರೂ ಕೇಳಬಹುದು. ಖಂಡಿತ ತಪ್ಪಲ್ಲ. ಗಾದೆಗೆ ವೇಗದ ಮೇಲೆ ದ್ವೇಷವಿಲ್ಲ. ಬೇಗ ಸೇರುವ ದಾರಿ ಆಕ್ಸಿಲರೇಟರಿನ ಅಡಿಯಲ್ಲಿಲ್ಲ, ಅಷ್ಟೇ. ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 410 ಕಿಲೋಮೀಟರ್. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ರಾಣೆಬೆನ್ನೂರು, ಹಾವೇರಿ ದಾಟಿ ಹೋಗುವ ದಾರಿ. ಸರಾಸರಿ 85ರಲ್ಲಿ ಹೋಗಿ, ಇಪ್ಪತ್ತು ನಿಮಿಷದಂತೆ ಮೂರು ಕಡೆ ನಿಂತರೆ ಆರು ಗಂಟೆಯೊಳಗೆ ಮುಗಿಯುತ್ತದೆ. ಸರಾಸರಿಯನ್ನೇ ನೂರಕ್ಕೆ ಒಯ್ಯುತ್ತೇನೆಂದು ಹೊರಟರೆ ಬಲಪಥದ ಲಾರಿಗಳ ನಡುವೆ ಸಿಕ್ಕ ಸಿಕ್ಕಲ್ಲಿ 120, 130 ಮುಟ್ಟಬೇಕಾಗುತ್ತದೆ. ಇಷ್ಟೆಲ್ಲ ಮಾಡಿ ಉಳಿಸುವುದು ಮುಕ್ಕಾಲು ಗಂಟೆ. ಅದೇ ಮುಕ್ಕಾಲು ಗಂಟೆ ಬೆಳಗಿನ ಜಾವ ಐದಕ್ಕೆ ಮನೆ ಬಿಟ್ಟವರಿಗೆ ಪೀಣ್ಯ, ನೆಲಮಂಗಲ ದಾಟುವಷ್ಟರಲ್ಲೇ ಪುಕ್ಕಟೆ ಸಿಕ್ಕಿರುತ್ತದೆ. ಎಂಟಕ್ಕೆ ಹೊರಟವರು ಅದನ್ನು ಅಲ್ಲೇ ಕಳೆದುಕೊಂಡು, ಆಮೇಲೆ ಶಿರಾದ ಬಯಲಿನಲ್ಲಿ ವಸೂಲಿ ಮಾಡಲು ನೋಡುತ್ತಾರೆ.

ಸಮಯ ಸೋರುವ ಇನ್ನೊಂದು ಜಾಗ ನಿಂತ ಕಾರು. ಹಿರಿಯೂರಿನ ಹತ್ತಿರದ ಯಾವುದಾದರೂ ಹೋಟೆಲಿನ ಅಂಗಳದಲ್ಲಿ ಹತ್ತು ನಿಮಿಷ ನಿಂತು ನೋಡಿ. ಮನೆಮಂದಿ ಐದು ಜನ ಇಳಿಯುತ್ತಾರೆ. ಇಬ್ಬರು ಶೌಚಾಲಯಕ್ಕೆ ಹೋಗಿ ಬಂದ ಮೇಲೆ ಮೂರನೆಯವರಿಗೆ ನೆನಪಾಗುತ್ತದೆ. ಕಾಫಿ ಕುಡಿದು ಎಲ್ಲರೂ ಹತ್ತಿ ಕೂತ ಮೇಲೆ ಮಗುವಿಗೆ ಬಾಯಾರಿಕೆ. ನೀರಿನ ಬಾಟಲಿ ಡಿಕ್ಕಿಯ ತಳದಲ್ಲಿ, ಸೂಟ್‌ಕೇಸುಗಳ ಕೆಳಗೆ. ಹೊರಟು ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಪೆಟ್ರೋಲಿಗೆಂದು ಮತ್ತೆ ನಿಲುಗಡೆ. ಹೀಗೆ ಹೋದ ಅರ್ಧ ಗಂಟೆಯನ್ನು ಚಾಲಕ ರಸ್ತೆಯ ಮೇಲೆ ತುಂಬಿಸಲು ಹೊರಡುತ್ತಾನೆ. ಆತುರ ಹುಟ್ಟುವುದು ಇಲ್ಲಿ. ಎರಡು ಗಂಟೆಗೊಮ್ಮೆ ನಿಲ್ಲಬೇಕು, ನಿಂತಾಗ ಪೆಟ್ರೋಲು, ಶೌಚ, ಕಾಫಿ ಎಲ್ಲ ಒಂದೇ ಕಡೆ ಮುಗಿಯಬೇಕು ಎಂದು ಹಿಂದಿನ ದಿನವೇ ಮನೆಯಲ್ಲಿ ಮಾತಾಡಿಕೊಂಡರೆ ಸಾಕು. ಫಾಸ್ಟ್ಯಾಗಿನಲ್ಲಿ ದುಡ್ಡಿದೆಯೇ ಎಂದು ನೋಡುವುದೂ ಹಿಂದಿನ ದಿನದ ಕೆಲಸ. ಟೈರಿನ ಗಾಳಿಯನ್ನು ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಅಳೆಯಬೇಕು. ಪೂರ್ತಿ ಜನ, ಸಾಮಾನು ತುಂಬಿದಾಗ ಎಷ್ಟು ಗಾಳಿ ಬೇಕೆಂಬುದು ಹೆಚ್ಚಿನ ಕಾರುಗಳಲ್ಲಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲೇ ಇರುತ್ತದೆ. ಬೇಸಿಗೆಯೆಂದು ಗಾಳಿ ಇಳಿಸುವುದು ತಪ್ಪು. ಗಾಳಿ ಕಮ್ಮಿಯಾದ ಟೈರು ಉರುಳುವಾಗ ಹೆಚ್ಚು ಮಡಚಿಕೊಂಡು ಕಾಯುತ್ತದೆ, ಅಂಥದ್ದೇ ಸಿಡಿಯುವುದು.

ಈಗ ಗಾದೆಯ ಉತ್ತರಾರ್ಧಕ್ಕೆ ಬರೋಣ. ಬುದ್ಧಿ ಮಟ್ಟವಾಗುವುದನ್ನು ಅಳೆದು ನೋಡಿದವರಿದ್ದಾರೆ. ಆಸ್ಟ್ರೇಲಿಯಾದ ಸಂಶೋಧಕರಾದ ಡಾಸನ್ ಮತ್ತು ರೀಡ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸತತ 17 ಗಂಟೆ ಎಚ್ಚರವಿದ್ದವರ ಕೈ, ಕಣ್ಣುಗಳ ಹೊಂದಾಣಿಕೆ 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯವಿದ್ದವರ ಮಟ್ಟಕ್ಕೆ ಕುಸಿದಿತ್ತು. ನಮ್ಮ ಕಾನೂನು ಚಾಲಕನಿಗೆ ಇಟ್ಟಿರುವ ಮಿತಿ 30 ಮಿಲಿಗ್ರಾಂ. ಬೆಳಿಗ್ಗೆ ಆರಕ್ಕೆ ಎದ್ದು, ದಿನವಿಡೀ ಕಚೇರಿಯಲ್ಲಿ ದುಡಿದು, ರಾತ್ರಿ ಹತ್ತಕ್ಕೆ ಊರಿಗೆ ಕಾರು ಹತ್ತಿದವರು ತುಮಕೂರು ದಾಟುವಾಗ ಒಂದು ತೊಟ್ಟೂ ಕುಡಿಯದೆ ಆ ಸ್ಥಿತಿಯಲ್ಲಿರುತ್ತಾರೆ. ನೂರರ ವೇಗದಲ್ಲಿ ಕಾರು ಸೆಕೆಂಡಿಗೆ 28 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ನೂರು ಮೀಟರಿಗೂ ಹೆಚ್ಚು ದೂರ ಕಾರನ್ನು ನಡೆಸುವವರೇ ಇಲ್ಲ. ಆ ನೂರು ಮೀಟರಿನಲ್ಲಿ ದೀಪವಿಲ್ಲದೆ ನಿಂತ ಲಾರಿ ಇರಬಹುದು, ಕಬ್ಬು ಹೇರಿದ ಟ್ರಾಕ್ಟರ್ ಇರಬಹುದು, ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವ ಬೈಕೂ ಇರಬಹುದು.

ನಿದ್ದೆಗೆಟ್ಟವನಿಗೆ ತಾನು ನಿದ್ದೆಗೆಟ್ಟಿದ್ದೇನೆಂಬುದೇ ಸರಿಯಾಗಿ ತಿಳಿಯುವುದಿಲ್ಲ, ಅಪಾಯವಿರುವುದು ಅದರಲ್ಲೇ. ಅಳೆಯಬೇಕಾದ ಬುದ್ಧಿಯೇ ಇಳಿದಿರುತ್ತದಲ್ಲ! ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ನಿದ್ದೆಯನ್ನು ನೀಗುವುದಿಲ್ಲ. ಕಳೆದ ನಾಲ್ಕು ಕಿಲೋಮೀಟರ್ ಹೇಗೆ ಬಂದೆವೆಂದು ನೆನಪಾಗದಿದ್ದರೆ, ಕಾರು ಪಥದ ಗೆರೆಯ ಮೇಲೆ ಹೊರಳುತ್ತಿದ್ದರೆ ನಿಲ್ಲಿಸಲೇಬೇಕು. ಒಂದು ಲೋಟ ಕಾಫಿ ಕುಡಿದು, ಬೆಳಕಿರುವ ಪೆಟ್ರೋಲ್ ಬಂಕಿನಲ್ಲಿ ಇಪ್ಪತ್ತು ನಿಮಿಷ ಒರಗಬೇಕು. ಏಳುವ ಹೊತ್ತಿಗೆ ಕಾಫಿಯೂ ಕೆಲಸ ಶುರು ಮಾಡಿರುತ್ತದೆ. ನಡುರಾತ್ರಿ ಎರಡರಿಂದ ಬೆಳಗಿನ ಆರರವರೆಗೆ, ಮತ್ತೆ ಮಧ್ಯಾಹ್ನದ ಊಟದ ನಂತರ ಮೈ ತಾನಾಗಿ ಜಡವಾಗುತ್ತದೆ. ಜಾವದಲ್ಲೇ ಹೊರಡುವುದಾದರೆ ಹಿಂದಿನ ರಾತ್ರಿ ಬೇಗ ಮಲಗಿರಬೇಕು, ಇಲ್ಲದಿದ್ದರೆ ಬೇಗ ಹೊರಟ ಲಾಭವೇ ಕೈಬಿಡುತ್ತದೆ. ದಾರಿಯಲ್ಲಿ ವಿಶ್ರಾಂತಿ ಬೇಕೆಂಬ ತಿಳಿವಳಿಕೆ ನಮ್ಮ ನಾಡಿಗೆ ಹೊಸದಲ್ಲ. ಅಶೋಕನ ಏಳನೆಯ ಸ್ತಂಭಶಾಸನ ದಾರಿಬದಿಯ ಆಲದ ಮರ, ಮಾವಿನ ತೋಪು, ಬಾವಿ, ತಂಗುದಾಣಗಳ ಮಾತಾಡುತ್ತದೆ. ನಮ್ಮ ಹಳೆಯ ದಾರಿಗಳಲ್ಲಿ ಅರವಟ್ಟಿಗೆ, ಛತ್ರಗಳಿದ್ದವು. ವಿಶ್ರಾಂತಿಯನ್ನು ಹಿಂದಿನವರು ದಾರಿಯ ಭಾಗವೆಂದೇ ಎಣಿಸಿದ್ದರು.

ಆತುರ ಎಷ್ಟೋ ಸಲ ಚಾಲಕನದ್ದೇ ಆಗಿರುವುದಿಲ್ಲ. ‘ಎಲ್ಲಿದ್ದೀರಿ? ಊಟಕ್ಕೆ ಕಾಯ್ತಿದ್ದೀವಿ’ ಎಂದು ಊರಿನಿಂದ ಬರುವ ಫೋನು ಕಾರಿನ ವೇಗವನ್ನು ಹತ್ತು ಕಿಲೋಮೀಟರ್ ಏರಿಸುತ್ತದೆ. ಹೊರಡುವಾಗಲೇ ‘ಸಂಜೆಯೊಳಗೆ ಬರ್ತೀವಿ, ನೀವು ಊಟ ಮಾಡಿ’ ಎಂದುಬಿಟ್ಟರೆ ಆ ಒತ್ತಡ ಹುಟ್ಟುವುದೇ ಇಲ್ಲ. ಮುಹೂರ್ತ ಬೆಳಿಗ್ಗೆಯಿದ್ದರೆ ಹಿಂದಿನ ದಿನವೇ ಹೋಗಿ ಸೇರಬೇಕು.

ಬಾಡಿಗೆ ಗಾಡಿಯ ವಿಷಯದಲ್ಲಂತೂ ಈ ಗಾದೆ ಇನ್ನೂ ಕಠಿಣವಾಗಬೇಕು. ರಾತ್ರಿ ಹತ್ತಕ್ಕೆ ಬೆಂಗಳೂರಿನಿಂದ ಟಿಟಿ (ಟೆಂಪೋ ಟ್ರಾವೆಲರ್) ಹೊರಡಿಸಿ, ಜಾವಕ್ಕೆ ಘಾಟಿ ಇಳಿಸಿ, ಧರ್ಮಸ್ಥಳ, ಕುಕ್ಕೆ ಎರಡೂ ದರ್ಶನ ಮುಗಿಸಿ, ಅದೇ ರಾತ್ರಿ ಮನೆ ಸೇರುವ ಯಾತ್ರೆಗಳು ನಮ್ಮಲ್ಲಿ ಮಾಮೂಲಿ. ಹಿಂದಿನ ಸೀಟಿನಲ್ಲಿ ಹನ್ನೆರಡು ಜನ ಸರದಿಯಂತೆ ನಿದ್ದೆ ಮಾಡುತ್ತಾರೆ, ಮುಂದೆ ಕೂತ ಒಬ್ಬನೇ ಒಬ್ಬ ಎರಡು ರಾತ್ರಿ ಎಚ್ಚರವಿರುತ್ತಾನೆ. ಬಸ್ಸು, ಲಾರಿ ಸಂಸ್ಥೆಗಳ ನೌಕರರಿಗಾಗಿ 1961ರಲ್ಲೇ ಬಂದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆ ದುಡಿಯುವಷ್ಟರಲ್ಲಿ ಅರ್ಧ ಗಂಟೆಯಾದರೂ ಬಿಡುವು ಎಂದು ಹೇಳಿತ್ತು. ನಮ್ಮ ಟಿಟಿಯ ಹುಡುಗನ ಮೈಯೂ ಅದೇ ಮೈ. ಇಲ್ಲಿ ಆತುರಪಟ್ಟವರು ನಾವು, ಬುದ್ಧಿ ಮಟ್ಟವಾಗುವುದು ಅವನದು. ಘಾಟಿಯ ತಿರುವಿನಲ್ಲಿ ಅದರ ಫಲ ಮಾತ್ರ ಎಲ್ಲರಿಗೂ ಸಮಪಾಲು. ಆದ್ದರಿಂದ ಯಾತ್ರೆಯ ಖರ್ಚು ಬರೆಯುವಾಗ ಚಾಲಕನ ಒಂದು ರಾತ್ರಿಯ ಕೋಣೆ ಬಾಡಿಗೆಯನ್ನೂ ಬರೆಯಿರಿ, ಇಲ್ಲವೇ ಇನ್ನೊಬ್ಬ ಚಾಲಕನ ಭತ್ಯೆ ಸೇರಿಸಿ. ಎರಡಕ್ಕೂ ಹಣ ಸಾಲದಿದ್ದರೆ ಎರಡು ಕ್ಷೇತ್ರಗಳಲ್ಲಿ ಒಂದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.